ಫ್ಲೂ ಲಸಿಕಾ ಶಿಬಿರದಲ್ಲಿ ನಡೆಯುವ ತುರ್ತುಸ್ಥಿತಿಯ ತಾಲೀಮು

ಹತ್ತು ಲಕ್ಷ ಜನರಿರುವ ನಗರವೊಂದರ ಗಾಳಿಗೆ ಯಾರೋ ಆಂಥ್ರಾಕ್ಸ್ ಬೀಜಾಣುಗಳನ್ನು ತೂರಿಬಿಟ್ಟಿದ್ದಾರೆ ಎಂದುಕೊಳ್ಳೋಣ. ನಮ್ಮ ರೈತರು ದನಗಳ ನೆರಡಿ ರೋಗವೆಂದು ಬಲ್ಲ ಕಾಯಿಲೆಯೇ ಇದು. ಆದರೆ ಬೀಜಾಣುಗಳು ಉಸಿರಿನೊಂದಿಗೆ ಮನುಷ್ಯನ ಶ್ವಾಸಕೋಶ ಸೇರಿದರೆ ರೋಗ ಬಹಳ ಉಗ್ರವಾಗುತ್ತದೆ. ಲಕ್ಷಣಗಳು ಬಲಿತ ಮೇಲೆ ಜೀವ ಉಳಿಸುವುದು ಕಷ್ಟ. ಅದಕ್ಕೂ ಮೊದಲೇ ಆಂಟಿಬಯೋಟಿಕ್ ಮಾತ್ರೆ ಶುರುವಾದರೆ ರೋಗವನ್ನೇ ತಡೆಯಬಹುದು. ಹಾಗಾಗಿ ಹತ್ತು ಲಕ್ಷ ಜನರ ಕೈಗೂ ಮಾತ್ರೆ ತಲುಪಬೇಕು, ಅದೂ 48 ಗಂಟೆಗಳ ಒಳಗೆ.

ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಗಳು ಎರಡು ದಶಕಗಳಿಂದ ಎದುರಿಗಿಟ್ಟುಕೊಂಡಿರುವ ಲೆಕ್ಕ ಇದು. ಇದಕ್ಕೆ ಉತ್ತರ ಹುಡುಕಲು ಅವು ಆರಿಸಿಕೊಂಡ ಜಾಗಗಳಲ್ಲಿ ಒಂದು ತೀರಾ ಸಾಮಾನ್ಯವಾದದ್ದು. ಪ್ರತಿವರ್ಷ ಅಕ್ಟೋಬರ್ ಆಸುಪಾಸಿನಲ್ಲಿ ಶಾಲೆಯ ಸಭಾಂಗಣದಲ್ಲೋ, ಚರ್ಚಿನ ಅಂಗಳದಲ್ಲೋ, ಕ್ರೀಡಾಂಗಣದ ವಾಹನ ನಿಲುಗಡೆಯಲ್ಲೋ ನಡೆಯುವ ಫ್ಲೂ ಲಸಿಕಾ ಶಿಬಿರ. ತೋಳು ಮಡಿಸಿ ಚುಚ್ಚಿಸಿಕೊಂಡು ಹೋಗುವವರಿಗೆ ಅದೊಂದು ಚಳಿಗಾಲದ ಮುನ್ನೆಚ್ಚರಿಕೆ. ಶಿಬಿರ ನಡೆಸುವವರ ಪಾಲಿಗೆ ಅದೇ ಹೊತ್ತಿನಲ್ಲಿ ಇಡೀ ಊರಿಗೆ ಔಷಧ ಹಂಚುವ ಅಭ್ಯಾಸ.

ಈ ಯೋಚನೆಯ ಬೇರು 2001ರಲ್ಲಿದೆ. ಆ ವರ್ಷದ ಶರತ್ಕಾಲದಲ್ಲಿ ಅಂಚೆ ಲಕೋಟೆಗಳಲ್ಲಿ ಆಂಥ್ರಾಕ್ಸ್ ಪುಡಿ ಕಳಿಸಲಾಯಿತು. ಕಾಯಿಲೆ ಬಿದ್ದವರು 22, ಸತ್ತವರು 5. ಅಂಕಿ ಚಿಕ್ಕದು. ಆದರೆ ಅಂಚೆ ನೌಕರರು, ಕಚೇರಿ ಸಿಬ್ಬಂದಿ ಸೇರಿ ಸುಮಾರು 10,000 ಮಂದಿಗೆ 60 ದಿನಗಳ ಆಂಟಿಬಯೋಟಿಕ್ ತೆಗೆದುಕೊಳ್ಳುವಂತೆ ಹೇಳಬೇಕಾಯಿತು. ಕೆಲವೇ ಲಕೋಟೆಗಳಿಗೆ ಇಷ್ಟು ಕೆಲಸವಾದರೆ ಇಡೀ ನಗರಕ್ಕೆ ಎಷ್ಟು ಎಂಬ ಪ್ರಶ್ನೆ ಆಗ ಎದ್ದಿತು. ಔಷಧದ ರಾಷ್ಟ್ರೀಯ ದಾಸ್ತಾನು 1999ರಲ್ಲೇ ಆರಂಭವಾಗಿತ್ತು. ಅಲ್ಲಿಂದ ದೇಶದ ಯಾವ ಮೂಲೆಗಾದರೂ ಮೊದಲ ಕಂತು 12 ಗಂಟೆಗಳಲ್ಲಿ ತಲುಪುವ ಏರ್ಪಾಡಿತ್ತು. ಕೊರತೆಯಿದ್ದದ್ದು ಕೊನೆಯ ಹಂತದಲ್ಲಿ. ವಿಮಾನದಿಂದ ಇಳಿದ ಪೆಟ್ಟಿಗೆಯಿಂದ ಒಬ್ಬ ಅಜ್ಜಿಯ ಅಂಗೈವರೆಗಿನ ದಾರಿಯನ್ನು ಯಾರೂ ಸರಿಯಾಗಿ ಅಳೆದಿರಲಿಲ್ಲ. 2004ರಲ್ಲಿ 21 ನಗರಗಳೊಂದಿಗೆ ಒಂದು ಕೇಂದ್ರೀಯ ಕಾರ್ಯಕ್ರಮ ಶುರುವಾಯಿತು, ಮುಂದೆ ಅದು 72 ಮಹಾನಗರ ಪ್ರದೇಶಗಳಿಗೆ ಹಬ್ಬಿತು. ಎಲ್ಲರನ್ನೂ 48 ಗಂಟೆಗಳಲ್ಲಿ ತಲುಪಬೇಕೆಂಬ ಗುರಿಯನ್ನು ಅಲ್ಲಿನ ಸ್ಥಳೀಯ ಇಲಾಖೆಗಳ ಮುಂದಿಟ್ಟದ್ದು ಈ ಕಾರ್ಯಕ್ರಮ.

ಈ 48 ಗಂಟೆ ಪೂರ್ತಿಯಾಗಿ ಕೈಗೆ ಸಿಗುವುದಿಲ್ಲ. ಔಷಧ ಊರು ತಲುಪಲು 12 ಗಂಟೆ ಬೇಕು. ಪೆಟ್ಟಿಗೆ ಬಿಚ್ಚಿ, ಎಣಿಸಿ, ಲಾರಿಗೆ ಹೇರಿ, ಕೇಂದ್ರಗಳಿಗೆ ಸಾಗಿಸಿ, ಮೇಜು ಹಾಕಿ ಬಾಗಿಲು ತೆರೆಯುವಷ್ಟರಲ್ಲಿ ಇನ್ನೊಂದು 12 ಗಂಟೆ ಕಳೆಯಿತು ಎಂದಿಟ್ಟುಕೊಳ್ಳಿ. ಉಳಿದದ್ದು 24. ಹತ್ತು ಲಕ್ಷವನ್ನು 24ರಿಂದ ಭಾಗಿಸಿದರೆ ಗಂಟೆಗೆ ಸುಮಾರು 41,700 ಜನ. ನಗರದಲ್ಲಿ 20 ವಿತರಣಾ ಕೇಂದ್ರಗಳಿದ್ದರೆ ಒಂದೊಂದು ಕೇಂದ್ರವೂ ಎರಡು ಸೆಕೆಂಡು ಮುಗಿಯುವ ಮೊದಲೇ ಒಬ್ಬರನ್ನು ಕಳಿಸಿಕೊಡುತ್ತಿರಬೇಕು, ಹಗಲೂ ರಾತ್ರಿಯೂ. ಇದು ಆಗದ ಮಾತು. ಅದಕ್ಕಾಗಿಯೇ ಮನೆಗೊಬ್ಬರು ಬಂದು ಇಡೀ ಕುಟುಂಬದ ಮಾತ್ರೆ ಒಯ್ಯುವ ಪದ್ಧತಿಯನ್ನು ಯೋಜನೆಗಳಲ್ಲಿ ಸೇರಿಸಿದರು. ಸರಾಸರಿ ನಾಲ್ವರಿಗೆ ಒಬ್ಬರು ಬಂದರೂ ಪ್ರತಿ ಕೇಂದ್ರದಲ್ಲಿ ಗಂಟೆಗೆ 520 ಜನ, ಅಂದರೆ ಏಳು ಸೆಕೆಂಡಿಗೆ ಒಬ್ಬರು. ದೊಡ್ಡ ಕಂಪನಿಗಳು, ವಿಶ್ವವಿದ್ಯಾಲಯಗಳು ತಮ್ಮವರಿಗೆ ತಾವೇ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡರೆ ಹೊರೆ ಇನ್ನಷ್ಟು ಇಳಿಯುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಏಳು ಸೆಕೆಂಡಿಗೆ ಒಬ್ಬರು ಎಂಬ ವೇಗ ನಿಜವಾಗಿ ಸಾಧ್ಯವೇ ಎಂಬುದನ್ನು ಕಾಗದ ಹೇಳಲಾರದು.

ತಾಲೀಮುಗಳು ಹಲವು ಬಗೆ. ಅಧಿಕಾರಿಗಳು ಮೇಜಿನ ಸುತ್ತ ಕುಳಿತು "ಹೀಗಾದರೆ ಏನು ಮಾಡುತ್ತೀರಿ" ಎಂದು ಪ್ರಶ್ನೋತ್ತರ ನಡೆಸುವುದು ಒಂದು. ಫೋನ್ ಮಾಡಿ ಎಷ್ಟು ಸಿಬ್ಬಂದಿ ಎಷ್ಟು ಹೊತ್ತಿನಲ್ಲಿ ಬಂದರು ಎಂದು ನೋಡುವಂಥ ಬಿಡಿ ಅಭ್ಯಾಸ ಇನ್ನೊಂದು. ಸ್ವಯಂಸೇವಕರನ್ನು ರೋಗಿಗಳಂತೆ ನಟಿಸಲು ಹೇಳಿ ಪೂರ್ಣ ಪ್ರಮಾಣದಲ್ಲಿ ನಡೆಸುವ ಅಣಕು ಕಾರ್ಯಾಚರಣೆ ಮತ್ತೊಂದು. ಇವೆಲ್ಲವೂ ಬೇಕಾದವೇ. ಆದರೆ ನಟಿಸುವವರು ಅವಸರದಲ್ಲಿರುವುದಿಲ್ಲ, ಅಳುವ ಮಗುವನ್ನು ಎತ್ತಿಕೊಂಡು ಬಂದಿರುವುದಿಲ್ಲ, ತಾವು ನುಂಗುವ ರಕ್ತದೊತ್ತಡದ ಮಾತ್ರೆಯ ಹೆಸರು ಮರೆತಿರುವುದಿಲ್ಲ. ನಮ್ಮಲ್ಲೂ 2021ರ ಜನವರಿ 2ರಂದು, ಕೋವಿಡ್ ಲಸಿಕೆ ಬರುವ ಮೊದಲು, ಕರ್ನಾಟಕವೂ ಸೇರಿದಂತೆ ದೇಶದಾದ್ಯಂತ ತಾಲೀಮು ನಡೆಯಿತು. ಕಾಯುವ ಕೋಣೆ, ಲಸಿಕೆ ಕೋಣೆ, 30 ನಿಮಿಷ ನಿಗಾದಲ್ಲಿರುವ ಕೋಣೆ ಎಂಬ ಮೂರು ಕೋಣೆಗಳ ವ್ಯವಸ್ಥೆ ಆಗ ಪರೀಕ್ಷೆಗೆ ಒಳಪಟ್ಟಿತು. ಪ್ರತಿ ಕೇಂದ್ರದಲ್ಲಿ 25 ಆರೋಗ್ಯ ಕಾರ್ಯಕರ್ತರೇ ಫಲಾನುಭವಿಗಳ ಪಾತ್ರ ವಹಿಸಿದರು, ಚುಚ್ಚುಮದ್ದು ಮಾತ್ರ ಇರಲಿಲ್ಲ. ಆ ತಾಲೀಮಿನಿಂದ ಪ್ರಯೋಜನವಾಯಿತು. ಆದರೂ ಜನವರಿ 16ರಂದು ನಿಜವಾದ ಅಭಿಯಾನ ಶುರುವಾದಾಗ ಕೋ-ವಿನ್ ತಂತ್ರಾಂಶ ಹಲವೆಡೆ ತಡವರಿಸಿತು. 25 ಜನರನ್ನು ಇಟ್ಟುಕೊಂಡು ನೋಡಿದಾಗ ಕಾಣದ ದೋಷ ಸಾವಿರಾರು ಕೇಂದ್ರಗಳು ಒಟ್ಟಿಗೆ ಬಾಗಿಲು ತೆರೆದಾಗ ಕಂಡಿತು.

ಫ್ಲೂ ಶಿಬಿರದ ಹೆಚ್ಚುಗಾರಿಕೆ ಇಲ್ಲಿದೆ. ಅಲ್ಲಿ ಬರುವವರು ನಿಜವಾದ ಜನ, ಕೊಡುವುದು ನಿಜವಾದ ಲಸಿಕೆ. ಫ್ಲೂ ವೈರಾಣು ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಯನ್ನು ವರ್ಷವರ್ಷವೂ ಕೊಡಬೇಕು, ಆದ್ದರಿಂದ ತಾಲೀಮಿಗೂ ವರ್ಷವರ್ಷ ಅವಕಾಶ. 2010ರಲ್ಲಿ ಅಮೆರಿಕದಲ್ಲಿ ಆರು ತಿಂಗಳು ದಾಟಿದ ಎಲ್ಲರಿಗೂ ಫ್ಲೂ ಲಸಿಕೆಯನ್ನು ಶಿಫಾರಸು ಮಾಡಲಾಯಿತು, ಹಾಗಾಗಿ ಕೂಸಿನಿಂದ ಹಿಡಿದು ತೊಂಬತ್ತರ ವೃದ್ಧರವರೆಗೆ ಎಲ್ಲ ವಯಸ್ಸಿನವರೂ ಸಾಲಿನಲ್ಲಿರುತ್ತಾರೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಬೇರೆಯೇ ಒಂದು ಅಂಶ: ತಾಲೀಮು ಪೂರ್ತಿ ಕೆಟ್ಟುಹೋದರೂ ಅಂದು ಲಸಿಕೆ ಪಡೆದವರಿಗೆ ರಕ್ಷಣೆ ಸಿಕ್ಕಿರುತ್ತದೆ. ಸಾರ್ವಜನಿಕ ಹಣವನ್ನು ಹೀಗೆ ಎರಡು ಸಲ ದುಡಿಸಿಕೊಳ್ಳುವ ಅವಕಾಶ ಆರೋಗ್ಯ ಇಲಾಖೆಗಳಿಗೆ ಅಪರೂಪ.

ಈಗ ಶಿಬಿರದ ಒಳಗೆ ಹೋಗೋಣ. ಬಾಗಿಲಲ್ಲಿ ಒಬ್ಬರು ಸ್ವಾಗತಿಸಿ, ಜ್ವರ ಇರುವವರನ್ನು ಬೇರೆ ಕಡೆ ಕಳಿಸುತ್ತಾರೆ. ಮುಂದೆ ಅರ್ಜಿ ತುಂಬುವ ಮೇಜು. ಅದರಾಚೆ ತಪಾಸಣೆ: ಹಿಂದೆ ಯಾವುದಾದರೂ ಲಸಿಕೆಗೆ ತೀವ್ರ ಅಲರ್ಜಿ ಆಗಿತ್ತೇ, ಹಿಂದೆ ಫ್ಲೂ ಲಸಿಕೆ ಪಡೆದ ಮೇಲೆ ನರದೌರ್ಬಲ್ಯದ ತೊಂದರೆ ಬಂದಿತ್ತೇ ಎಂಬಂಥ ಪ್ರಶ್ನೆಗಳು. ನಂತರ ಚುಚ್ಚುಮದ್ದು. ಕೊನೆಗೆ 15 ನಿಮಿಷ ಕುಳಿತುಕೊಳ್ಳುವ ಜಾಗ, ತಲೆಸುತ್ತು ಅಥವಾ ಅಲರ್ಜಿ ಬಂದರೆ ನೋಡಿಕೊಳ್ಳಲು ಎಪಿನೆಫ್ರಿನ್ ಔಷಧ ಇಟ್ಟುಕೊಂಡ ನರ್ಸ್. ಆಂಥ್ರಾಕ್ಸ್ ಸಂದರ್ಭದಲ್ಲಿ ಚುಚ್ಚುಮದ್ದಿನ ಜಾಗದಲ್ಲಿ ಮಾತ್ರೆಯ ಸೀಸೆ ಬರುತ್ತದೆ, ತಪಾಸಣೆಯ ಪ್ರಶ್ನೆಗಳು ಬದಲಾಗುತ್ತವೆ: ಗರ್ಭಿಣಿಯೇ, ಮಗುವೇ, ಡಾಕ್ಸಿಸೈಕ್ಲಿನ್ ಒಗ್ಗುತ್ತದೆಯೇ ಅಥವಾ ಬೇರೆ ಔಷಧ ಬೇಕೇ. ಆದರೆ ಜನ ಒಂದು ಬಾಗಿಲಿನಿಂದ ಬಂದು, ಮೇಜಿನಿಂದ ಮೇಜಿಗೆ ಸರಿದು, ಇನ್ನೊಂದು ಬಾಗಿಲಿನಿಂದ ಹೊರಡುವ ಚೌಕಟ್ಟು ಅದೇ ಆಗಿರುತ್ತದೆ.

ಚೌಕಟ್ಟಿನಲ್ಲಿ ಅತಿ ನಿಧಾನವಾದ ಮೇಜು ಯಾವುದೋ ಅದೇ ಇಡೀ ಶಿಬಿರದ ವೇಗ. ಮದುವೆ ಮನೆಯಲ್ಲಿ ಸಾವಿರ ಜನರಿಗೆ ಅಡುಗೆ ಸಿದ್ಧವಾಗಿದ್ದರೂ ಊಟದ ಹಾಲಿನಲ್ಲಿ ನೂರು ಎಲೆಗಷ್ಟೇ ಜಾಗವಿದ್ದರೆ ಪಂಕ್ತಿಗೆ ನೂರೇ ಮಂದಿ ಉಣ್ಣುವುದು. ಶಿಬಿರದಲ್ಲಿ ಒಬ್ಬ ನರ್ಸ್ ಎರಡು ನಿಮಿಷಕ್ಕೆ ಒಬ್ಬರಿಗೆ ಚುಚ್ಚಿದರೆ ಹತ್ತು ನರ್ಸ್‌ಗಳಿಂದ ಗಂಟೆಗೆ 300 ಜನ ಆಗಬೇಕು. ಗಂಟೆಗೆ 300 ಜನ ಬರುತ್ತಿದ್ದು, ಅರ್ಜಿಯ ಮೇಜಿನಲ್ಲಿ 200 ಜನರಷ್ಟೇ ಮುಂದೆ ಸರಿಯುತ್ತಿದ್ದರೆ ನರ್ಸ್‌ಗಳು ಕೈಕಟ್ಟಿ ಕುಳಿತಿರುತ್ತಾರೆ, ಬಾಗಿಲಾಚೆ ಗಂಟೆಗೆ ನೂರು ಜನ ಕೂಡಿಕೊಳ್ಳುತ್ತಾ ಹೋಗುತ್ತಾರೆ. ಮೂರು ಗಂಟೆ ಕಳೆದ ಮೇಲೆ ಸಾಲಿನಲ್ಲಿ 300 ಮಂದಿ. ಆಗ ಬಂದು ನಿಂತವರು ಅರ್ಜಿಯ ಮೇಜು ತಲುಪಲು ಒಂದೂವರೆ ಗಂಟೆ ಕಾಯಬೇಕು. ಇಂಥ ಸಂದರ್ಭದಲ್ಲಿ ಅನುಭವವಿಲ್ಲದ ವ್ಯವಸ್ಥಾಪಕರು ಹೆಚ್ಚು ನರ್ಸ್‌ಗಳನ್ನು ಕರೆಸುತ್ತಾರೆ. ಬೇಕಾಗಿರುವುದು ನಾಲ್ಕು ಪೆನ್ನು, ನಾಲ್ಕು ರಟ್ಟು ಮತ್ತು ಸಾಲಿನಲ್ಲಿ ನಿಂತವರ ಬಳಿಗೇ ಹೋಗಿ ಅರ್ಜಿ ತುಂಬಿಸುವ ಇಬ್ಬರು ಸ್ವಯಂಸೇವಕರು. ತಡೆ ಎಲ್ಲಿದೆ ಎಂದು ಕಂಡುಕೊಳ್ಳಲು ದೊಡ್ಡ ಯಂತ್ರವೂ ಬೇಡ: ಅರ್ಜಿಯ ಮೂಲೆಯಲ್ಲಿ ಪ್ರತಿ ಮೇಜಿನವರೂ ಗಡಿಯಾರ ನೋಡಿ ಸಮಯ ಬರೆದರೆ ಸಾಕು.

ಇನ್ನೊಂದು ಸೂಕ್ಷ್ಮ ಇದೆ, ಕಾಗದದ ಲೆಕ್ಕದಲ್ಲಿ ಇದು ಸುಲಭವಾಗಿ ತಪ್ಪಿಹೋಗುತ್ತದೆ. ಗಂಟೆಗೆ 520 ಜನರ ಕೇಂದ್ರದಲ್ಲಿ ತಪಾಸಣೆಗೆ ತಲಾ 90 ಸೆಕೆಂಡು ಹಿಡಿದರೆ 13 ಮಂದಿ ತಪಾಸಕರು ಸಾಕೆಂದು ಗುಣಾಕಾರ ಹೇಳುತ್ತದೆ. ಆದರೆ ಜನ ಏಳು ಸೆಕೆಂಡಿಗೆ ಒಬ್ಬರಂತೆ ಅಳತೆ ಮಾಡಿ ಬರುವುದಿಲ್ಲ. ಒಂದು ಬಸ್ಸಿನಿಂದ ನಲವತ್ತು ಜನ ಒಮ್ಮೆಗೇ ಇಳಿಯುತ್ತಾರೆ, ಆಮೇಲೆ ಐದು ನಿಮಿಷ ಯಾರೂ ಇರುವುದಿಲ್ಲ. ಯಾರೋ ಒಬ್ಬರಿಗೆ ಇಂಗ್ಲಿಷ್ ಬಾರದೆ ದುಭಾಷಿಯನ್ನು ಹುಡುಕಬೇಕಾಗುತ್ತದೆ. ಬಿಡುವೇ ಇಲ್ಲದಂತೆ ಜೋಡಿಸಿದ ವ್ಯವಸ್ಥೆಯಲ್ಲಿ ಹೀಗೆ ಒಮ್ಮೆ ಬೆಳೆದ ಸಾಲು ಮತ್ತೆ ಕರಗುವುದೇ ಇಲ್ಲ. ಹದಿನಾರೋ ಹದಿನೇಳೋ ಜನರನ್ನು ಇಟ್ಟುಕೊಳ್ಳಬೇಕು. ಅವರಲ್ಲಿ ಕೆಲವರು ಆಗಾಗ ಸುಮ್ಮನೆ ಕುಳಿತಿರುವುದು ಕಂಡರೂ ಅದು ವ್ಯರ್ಥವಲ್ಲ. ತಪಾಸಣೆಗೆ 90ರ ಬದಲು 180 ಸೆಕೆಂಡು ಹಿಡಿಯುತ್ತದೆಂದು ಫ್ಲೂ ಶಿಬಿರದಲ್ಲಿ ಗೊತ್ತಾದರೆ ಇಡೀ ನಗರದ ತಪಾಸಕರ ಲೆಕ್ಕವೇ ಇಮ್ಮಡಿಯಾಗುತ್ತದೆ. ಆ ಸಂಗತಿ ಒಂದು ಶನಿವಾರ ಬೆಳಿಗ್ಗೆ ಗೊತ್ತಾಗುವುದಕ್ಕೂ ಆಪತ್ತಿನ ನಡುರಾತ್ರಿ ಗೊತ್ತಾಗುವುದಕ್ಕೂ ಇರುವ ಅಂತರ ಜೀವಗಳ ಲೆಕ್ಕದ್ದು.

ಜನರ ಹರಿವಿನಷ್ಟೇ ಮುಖ್ಯವಾದದ್ದು ಆಡಳಿತದ ಏಣಿ. ಶಿಬಿರದಲ್ಲಿ ಬಣ್ಣಬಣ್ಣದ ಜಾಕೆಟ್ ತೊಟ್ಟವರು ಕಾಣುತ್ತಾರೆ. ಆ ಪದ್ಧತಿಯ ಮೂಲ 1970ರಲ್ಲಿ ಕ್ಯಾಲಿಫೋರ್ನಿಯಾವನ್ನು ಸುಟ್ಟ ಕಾಡ್ಗಿಚ್ಚು. ಹಲವು ಊರುಗಳ ಅಗ್ನಿಶಾಮಕ ದಳಗಳು ಒಂದೆಡೆ ಸೇರಿದಾಗ ಯಾರ ಮಾತನ್ನು ಯಾರು ಕೇಳಬೇಕೆಂಬುದೇ ಸ್ಪಷ್ಟವಿರಲಿಲ್ಲ. ಆ ಗೊಂದಲದಿಂದ ಹುಟ್ಟಿದ ವ್ಯವಸ್ಥೆಯಲ್ಲಿ ಒಬ್ಬ ನಾಯಕ, ಅವರ ಕೆಳಗೆ ಕಾರ್ಯಾಚರಣೆ, ಯೋಜನೆ, ಸರಬರಾಜು, ಹಣಕಾಸು ಎಂಬ ವಿಭಾಗಗಳು; ಒಬ್ಬರ ಕೈಕೆಳಗೆ ಮೂರರಿಂದ ಏಳು ಜನ, ಐವರಿದ್ದರೆ ಉತ್ತಮ. ಹುದ್ದೆ ಮನುಷ್ಯನಿಗಲ್ಲ, ಜಾಕೆಟ್ಟಿಗೆ. ಕಚೇರಿಯಲ್ಲಿ ಹಿರಿಯರಾದ ವೈದ್ಯರೂ ಆ ದಿನ ತಪಾಸಣೆ ಮೇಜಿನಲ್ಲಿದ್ದರೆ ಕಿರಿಯ ನರ್ಸ್ ಮೇಲ್ವಿಚಾರಕರ ಮಾತು ಕೇಳಬೇಕು. ಓದಿದರೆ ಇದು ಬಹಳ ಸರಳ. ನಡೆಸಿದಾಗ ಮಾತ್ರ ಹಿರಿತನದ ಅಭ್ಯಾಸ ಎಷ್ಟು ಆಳವೆಂದು ತಿಳಿಯುತ್ತದೆ, ಅದನ್ನು ಬಿಡಿಸಿಕೊಳ್ಳಲು ಹಲವು ವರ್ಷಗಳ ಶಿಬಿರಗಳು ಬೇಕಾಗುತ್ತವೆ.

ಸಿಬ್ಬಂದಿಯ ಕೊರತೆ ಇದ್ದೇ ಇರುತ್ತದೆ. ಇಲಾಖೆಯ ನೌಕರರಿಂದ ಮಾತ್ರ ಇಪ್ಪತ್ತು ಕೇಂದ್ರಗಳನ್ನು ಹಗಲಿರುಳು ನಡೆಸಲಾಗದು. 2001ರ ಸೆಪ್ಟೆಂಬರ್ ದಾಳಿಯ ನಂತರ ಸಹಾಯಕ್ಕೆ ಓಡಿಬಂದ ಅನೇಕ ವೈದ್ಯರು, ನರ್ಸ್‌ಗಳು ನಿಜವಾಗಿ ವೈದ್ಯರೇ ಎಂದು ಪರಿಶೀಲಿಸುವ ದಾರಿ ಇರಲಿಲ್ಲ. 2002ರಲ್ಲಿ ಆರಂಭವಾದ ವೈದ್ಯಕೀಯ ಸ್ವಯಂಸೇವಕರ ಪಡೆ ಆ ಕೆಲಸವನ್ನು ಮೊದಲೇ ಮಾಡಿಡುತ್ತದೆ: ಪರವಾನಗಿ ಪರಿಶೀಲನೆ, ಗುರುತಿನ ಚೀಟಿ, ತರಬೇತಿ. ಆದರೆ ಒಮ್ಮೆ ಹೆಸರು ಬರೆಸಿ ವರ್ಷಗಟ್ಟಲೆ ಕರೆ ಬಾರದಿದ್ದರೆ ಯಾವ ಸ್ವಯಂಸೇವಕರೂ ಉಳಿಯುವುದಿಲ್ಲ. ಫ್ಲೂ ಶಿಬಿರ ಅವರಿಗೆ ವರ್ಷಕ್ಕೊಮ್ಮೆ ಕೆಲಸ ಕೊಡುತ್ತದೆ, ಪಟ್ಟಿಯಲ್ಲಿರುವ ಫೋನ್ ನಂಬರುಗಳಲ್ಲಿ ಎಷ್ಟು ಇನ್ನೂ ಚಾಲ್ತಿಯಲ್ಲಿವೆ ಎಂಬುದನ್ನೂ ಇಲಾಖೆಗೆ ತೋರಿಸುತ್ತದೆ. ಆ ದಿನವೇ ಬಂದವರಿಗೆ ಒಂದು ಪುಟದ ಕೆಲಸದ ಚೀಟಿ ಕೊಟ್ಟು ಅರ್ಧ ಗಂಟೆಯಲ್ಲಿ ಸಿದ್ಧಪಡಿಸುವ ಕಲೆಯೂ ಇಲ್ಲೇ ಪಳಗುವುದು.

ಕಾರಿನಲ್ಲೇ ಕುಳಿತು ಚುಚ್ಚಿಸಿಕೊಳ್ಳುವ ಶಿಬಿರಗಳು ಇದೇ ಅಭ್ಯಾಸದ ಇನ್ನೊಂದು ರೂಪ. ಕೆಂಟಕಿ ರಾಜ್ಯದ ಲೂಯಿವಿಲ್‌ನ ವಿಶ್ವವಿದ್ಯಾಲಯವು 1990ರ ದಶಕದಿಂದಲೇ ಫ್ಲೂ ಲಸಿಕೆಗೆ ಈ ಕ್ರಮ ಬಳಸುತ್ತಿತ್ತು. 2009ರಲ್ಲಿ ಹಂದಿಜ್ವರದ ಎಚ್1ಎನ್1 ಹಬ್ಬಿದಾಗ, ನವೆಂಬರಿನ ಎರಡೇ ದಿನಗಳಲ್ಲಿ ಅಲ್ಲಿನ ಕ್ರೀಡಾಂಗಣದಲ್ಲಿ 19,000ದಷ್ಟು ಜನರಿಗೆ ಲಸಿಕೆ ಕೊಡಲು ಸಾಧ್ಯವಾಯಿತು, ಅವರಲ್ಲಿ ಹೆಚ್ಚಿನವರು ಕಾರಿನಿಂದ ಇಳಿಯಲೇ ಇಲ್ಲ. ಸೋಂಕಿನ ಕಾಲದಲ್ಲಿ ಜನ ಒತ್ತೊತ್ತಾಗಿ ನಿಲ್ಲದಿರುವುದು ದೊಡ್ಡ ಲಾಭ, ನಡೆಯಲಾಗದವರಿಗೂ ಅನುಕೂಲ. ಜೊತೆಗೆ ಹೊಸ ಅಪಾಯಗಳೂ ಇವೆ, ಅವು ಮಾಡಿನೋಡಿದವರಿಗೇ ಮೊದಲು ಕಂಡದ್ದು. ಎಂಜಿನ್ ಆರಿಸದಿದ್ದರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ದಿನವಿಡೀ ಅಲ್ಲೇ ನಿಂತ ನರ್ಸ್‌ಗಳ ಶ್ವಾಸಕೋಶ ಸೇರುತ್ತದೆ. ಚುಚ್ಚಿಸಿಕೊಂಡ ಚಾಲಕ ರಸ್ತೆಗಿಳಿದ ಮೇಲೆ ತಲೆಸುತ್ತಿ ಬಿದ್ದರೆ ಗತಿಯೇನು ಎಂದು 15 ನಿಮಿಷ ನಿಲ್ಲಿಸುವ ಜಾಗ ಬೇಕು, ಆ ಜಾಗವೇ ಬೇಗ ತುಂಬಿ ಹೊಸ ತಡೆಯಾಗುತ್ತದೆ. ಕಿಟಕಿಯ ಎತ್ತರದಿಂದ ಬಾಗಿ ಚುಚ್ಚುವಾಗ ಸೂಜಿ ತೋಳಿನ ಸ್ನಾಯು ಬಿಟ್ಟು ಭುಜದ ಕೀಲಿನ ಬಳಿ ಹೋಗದಂತೆ ನೋಡಿಕೊಳ್ಳಬೇಕು.

ತಾಲೀಮೇ ನಿಜವಾದದ್ದೂ ಉಂಟು. 2004ರ ಅಕ್ಟೋಬರ್ 5ರಂದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿದ್ದ ಚಿರಾನ್ ಕಂಪನಿಯ ಲಸಿಕಾ ಘಟಕದ ಪರವಾನಗಿಯನ್ನು ಬ್ರಿಟನ್ನಿನ ನಿಯಂತ್ರಕರು ಅಮಾನತಿನಲ್ಲಿಟ್ಟರು. ಅಮೆರಿಕ ಆ ವರ್ಷ ನಿರೀಕ್ಷಿಸಿದ್ದ ಫ್ಲೂ ಲಸಿಕೆಯಲ್ಲಿ ಸುಮಾರು ಅರ್ಧ ಒಂದೇ ಏಟಿಗೆ ಇಲ್ಲವಾಯಿತು. ಶಿಬಿರಗಳ ಮುಂದೆ ವೃದ್ಧರು ಬೆಳಗಿನ ಜಾವದಿಂದ ಸಾಲುಗಟ್ಟಿದರು. ಇರುವ ಡೋಸ್‌ಗಳನ್ನು ವೃದ್ಧರು, ಹಸುಳೆಗಳು, ದೀರ್ಘಕಾಲದ ಕಾಯಿಲೆಯವರಿಗೆ ಮೀಸಲಿಟ್ಟು ಉಳಿದವರನ್ನು ಬಾಗಿಲಲ್ಲೇ ಹಿಂದೆ ಕಳಿಸಬೇಕಾಯಿತು. "ನಿಮಗೆ ಈಗ ಇಲ್ಲ" ಎಂದು ಮುಖ ನೋಡಿ ಹೇಳುವುದು, ಹೇಳಿದ ಮೇಲೂ ಸಾಲು ಶಾಂತವಾಗಿರುವಂತೆ ನೋಡಿಕೊಳ್ಳುವುದು ಯಾವ ಯೋಜನೆಯ ಪುಸ್ತಕದಿಂದಲೂ ಕಲಿಯುವಂಥದ್ದಲ್ಲ.

ಶಿಬಿರ ಮುಗಿದ ಮೇಲಿನ ಅರ್ಧ ಗಂಟೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಮೇಜು ಮಡಿಸುವ ಮೊದಲೇ ಎಲ್ಲರನ್ನೂ ನಿಲ್ಲಿಸಿ ಏನು ಕೆಟ್ಟಿತು ಎಂದು ಕೇಳುತ್ತಾರೆ. ವಾಹನ ನಿಲ್ಲಿಸುವಲ್ಲಿ ನಿಂತಿದ್ದ ಸ್ವಯಂಸೇವಕನಿಗೆ ಗೊತ್ತಿರುವುದು ನಿರ್ದೇಶಕರಿಗೆ ಗೊತ್ತಿರುವುದಿಲ್ಲ. ನಂತರ ಲಿಖಿತ ವರದಿ, ಅದರೊಂದಿಗೆ ಯಾವ ಲೋಪವನ್ನು ಯಾರು ಯಾವ ದಿನಾಂಕದೊಳಗೆ ಸರಿಪಡಿಸಬೇಕು ಎಂಬ ಪಟ್ಟಿ. ಇಲ್ಲಿಯೇ ಬಹಳ ಇಲಾಖೆಗಳು ಜಾರುವುದು. ಅನುದಾನ ಕೊಡುವವರು ಓದುವ ವರದಿಯಾದ್ದರಿಂದ ಎಲ್ಲವೂ ಸುಸೂತ್ರವಾಯಿತು ಎಂದು ಬರೆಯುವ ಸೆಳೆತ ಬಲವಾಗಿರುತ್ತದೆ. ಏನೂ ಕೆಡದ ತಾಲೀಮು ಸಾಕಷ್ಟು ಕಷ್ಟವಾಗಿರಲಿಲ್ಲ ಎಂದೇ ತಿಳಿಯಬೇಕು. ಅದಕ್ಕಾಗಿ ಕೆಲವರು ಬೇಕೆಂದೇ ತೊಡಕು ಹಾಕುತ್ತಾರೆ: ನಡುವೆ ಕಂಪ್ಯೂಟರ್ ಆರಿಸಿ ಕಾಗದದಲ್ಲಿ ಮುಂದುವರಿಯಿರಿ ಎನ್ನುವುದು, ಮೇಲ್ವಿಚಾರಕರನ್ನು ಒಮ್ಮೆಗೇ ಮನೆಗೆ ಕಳಿಸಿ ಎರಡನೆಯವರು ನಡೆಸಲಿ ಎನ್ನುವುದು.

ಈ ಅಭ್ಯಾಸಕ್ಕೆ ಮಿತಿಗಳಿವೆ, ಅವನ್ನು ಮುಚ್ಚಿಡಬಾರದು. ಫ್ಲೂ ಶಿಬಿರದ ದಿನಾಂಕ ತಿಂಗಳುಗಳ ಮೊದಲೇ ಗೊತ್ತಿರುತ್ತದೆ, ಆಪತ್ತಿಗೆ ದಿನಾಂಕವಿಲ್ಲ. ಬರುವವರು ಲಸಿಕೆ ಬೇಕೆಂದು ತಾವಾಗಿ ಬಂದವರು, ಮುಖದಲ್ಲಿ ಭಯವಿಲ್ಲ, ಸಿಬ್ಬಂದಿಗೂ ತಮ್ಮ ಮನೆಯವರ ಚಿಂತೆಯಿಲ್ಲ. ವಿಮಾ ಕಾರ್ಡ್ ಕೇಳಿ ಬರೆದುಕೊಳ್ಳುವ ಕೆಲಸ ಫ್ಲೂ ಶಿಬಿರವನ್ನು ನಿಧಾನಗೊಳಿಸುತ್ತದೆ, ನಿಜವಾದ ತುರ್ತಿನಲ್ಲಿ ಅದನ್ನು ಕೈಬಿಡಬಹುದು. ಆದ್ದರಿಂದ ಆ ಸಮಯವನ್ನು ಲೆಕ್ಕದಿಂದ ಬೇರೆಯಾಗಿ ತೆಗೆದಿಡದಿದ್ದರೆ ಅಂಕಿಗಳು ದಾರಿ ತಪ್ಪಿಸುತ್ತವೆ. ರಾತ್ರಿ ಎರಡು ಗಂಟೆಗೆ ಫ್ಲೂ ಶಿಬಿರ ನಡೆಸುವವರು ವಿರಳ.

2020ರ ಶರತ್ಕಾಲದಲ್ಲಿ ಅನೇಕ ಕೌಂಟಿಗಳು, ಅಂದರೆ ಅಲ್ಲಿನ ಜಿಲ್ಲೆಗಳು, ಮುಂಬರುವ ಕೋವಿಡ್ ಲಸಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಫ್ಲೂ ಶಿಬಿರ ನಡೆಸಿದವು. ಮುಂದಿನ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿ, ಕನ್ನಡಿಗ ಕುಟುಂಬಗಳು ಬಹಳಷ್ಟಿರುವ ಪ್ರದೇಶ, ಲೀವೈಸ್ ಕ್ರೀಡಾಂಗಣದಲ್ಲಿ ದಿನಕ್ಕೆ 5,000 ಜನರಿಂದ ಆರಂಭಿಸಿ 15,000ದವರೆಗೆ ಏರಿಸುವ ಉದ್ದೇಶದ ಕೇಂದ್ರ ತೆರೆಯಿತು. ಇಂಥ ದೊಡ್ಡ ಕೇಂದ್ರಗಳ ನೆಲದ ಮೇಲಿನ ಕೆಲಸ, ಅಂದರೆ ಸಾಲು, ತಪಾಸಣೆ, ನಿಗಾ ಕುರ್ಚಿಗಳು, ಹಿಂದಿನ ವರ್ಷಗಳ ಅಭ್ಯಾಸದ ಮೇಲೆಯೇ ನಿಂತಿತ್ತು. ಫೈಜರ್ ಲಸಿಕೆಗೆ ಬೇಕಾದ ಮೈನಸ್ 70 ಡಿಗ್ರಿಯ ಶೀತಲ ಪೆಟ್ಟಿಗೆ ಮಾತ್ರ ಹೊಸದು, ಏಕೆಂದರೆ ಫ್ಲೂ ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರುವಂಥದ್ದು. ನಿಜಕ್ಕೂ ಕುಸಿದದ್ದು ಬಾಗಿಲಿಗೆ ಬರುವ ಮೊದಲಿನ ಹಂತ. ಸಮಯ ಕಾಯ್ದಿರಿಸುವ ಜಾಲತಾಣಗಳು ಅನೇಕ ರಾಜ್ಯಗಳಲ್ಲಿ ಸ್ತಬ್ಧವಾದವು, ಕಂಪ್ಯೂಟರ್ ಬಲ್ಲ ಮಕ್ಕಳು ಮೊಮ್ಮಕ್ಕಳು ಇಲ್ಲದ ವೃದ್ಧರು ಹೊರಗುಳಿದರು. ಫ್ಲೂ ಶಿಬಿರಗಳಲ್ಲಿ ಯಾರು ಬೇಕಾದರೂ ನಡೆದು ಬರಬಹುದಾಗಿದ್ದರಿಂದ ಆ ಭಾಗ ಹೆಚ್ಚಿನ ಕಡೆ ಅಭ್ಯಾಸದ ಹೊರಗೇ ಉಳಿದಿತ್ತು.

ಬಾರದವರನ್ನು ತಲುಪುವುದು ಇನ್ನೂ ಬಾಕಿ ಇರುವ ಪಾಠ. ಹಾಸಿಗೆ ಹಿಡಿದವರು, ರಾತ್ರಿ ಪಾಳಿಯವರು, ಕಾಗದಪತ್ರ ಕೇಳಿಯಾರೆಂದು ಹೆದರುವ ವಲಸೆ ಕೃಷಿ ಕಾರ್ಮಿಕರು ಯಾವ ಸಭಾಂಗಣದ ಸಾಲಿನಲ್ಲೂ ನಿಲ್ಲುವುದಿಲ್ಲ, ಆದ್ದರಿಂದ ಗಂಟೆಗೆ ಎಷ್ಟು ಜನ ಎಂಬ ಅಂಕಿಯಲ್ಲಿ ಅವರ ಗೈರುಹಾಜರಿ ಕಾಣುವುದೂ ಇಲ್ಲ. ಶಿಬಿರದ ದಿನವೇ ಒಂದೆರಡು ತಂಡಗಳನ್ನು ತಂಪು ಪೆಟ್ಟಿಗೆಯೊಂದಿಗೆ ಮನೆಗಳಿಗೆ, ತೋಟಗಳ ವಸತಿಗಳಿಗೆ ಕಳಿಸಿ, ಒಬ್ಬೊಬ್ಬರಿಗೆ ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಬೇರೆಯಾಗಿ ಬರೆದಿಟ್ಟರೆ, 48 ಗಂಟೆಗಳ ಯೋಜನೆಯಲ್ಲಿ ಅವರಿಗೆಂದು ಎಷ್ಟು ವಾಹನ, ಎಷ್ಟು ನರ್ಸ್‌ಗಳನ್ನು ಎತ್ತಿಡಬೇಕೆಂದು ಅಲ್ಲಿಂದ ಲೆಕ್ಕ ಹಾಕಬಹುದು.